ನಿಂತ ಕುದುರೆಯ ಹೊಟ್ಟೆ ತೆರೆದದ್ದು

ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ನಾಯಿ, ಬೆಕ್ಕು ತಿನ್ನಬಾರದ್ದನ್ನು ತಿಂದರೆ ಕಕ್ಕಿ ಹಗುರಾಗುತ್ತವೆ. ಕುದುರೆಗೆ ಆ ಭಾಗ್ಯವಿಲ್ಲ. ಒಳಗೆ ಹೋದದ್ದು ಪೂರ್ತಿ ದಾರಿ ಸವೆಸಿ ಹಿಂದಿನಿಂದಲೇ ಹೊರಗೆ ಬರಬೇಕು. ಆ ದಾರಿಯೋ, ಒಂದು ಕಡೆ ಕಾಳು ತುಂಬಿಡುವ ಹಗೇವಿನಷ್ಟು ಅಗಲ, ಮುಂದೆ ಹೋದರೆ ಇದ್ದಕ್ಕಿದ್ದಂತೆ ಮುಂಗೈಯಷ್ಟು ಕಿರಿದು, ನಡುನಡುವೆ ಹಿಮ್ಮುರಿ ತಿರುವುಗಳು. ಇಷ್ಟು ಚೆಂದದ ಪ್ರಾಣಿಗೆ ಇಂಥ ಕರುಳು ಕೊಟ್ಟ ದೇವರು ನನ್ನ ವಿದ್ಯಾರ್ಥಿಯಾಗಿದ್ದರೆ ನಾನು ಪಾಸು ಮಾಡುತ್ತಿರಲಿಲ್ಲ.

ನಾನು ಪಶುವೈದ್ಯೆ, ದುಡಿಯುವ ಕುದುರೆಗಳ ಹೊಟ್ಟೆನೋವು ನನ್ನ ಸಂಶೋಧನೆಯ ವಿಷಯ. ಬಾಗಲಕೋಟೆಯಲ್ಲಿ ಬಾಡಿಗೆ ಮನೆ ಹಿಡಿದು, ಬಾದಾಮಿಯ ಟಾಂಗಾ ಕುದುರೆಗಳು, ಕುರಿಗಾರರ ಸಾಮಾನು ಹೊರುವ ತಟ್ಟುಗಳು, ಮದುವೆ ಮೆರವಣಿಗೆಯ ಕುದುರೆಗಳು, ಇವೆಲ್ಲವುಗಳ ಹಿಂದೆ ಸುತ್ತುತ್ತಿದ್ದೆ. ಹಿಂದೆ ಎಂದರೆ ಅಕ್ಷರಶಃ ಹಿಂದೆಯೇ. ಅವು ಲದ್ದಿ ಹಾಕುವುದನ್ನು ಕಾಯುವುದೇ ನನ್ನ ಕೆಲಸ. ಮಹಾಕೂಟದ ಬಸ್ಸಿನಲ್ಲಿ ಪಕ್ಕದವರೊಬ್ಬರು, "ಈಗಿನ ಕಾಲದಾಗ ಕುದುರಿ ಎಲ್ಲಿ ಅದಾವ್ರಿ ಬಾಯಾರ?" ಎಂದು ಕೇಳಿದಾಗ, ತೊಡೆಯ ಮೇಲಿದ್ದ ಡಬ್ಬಿಯ ಮುಚ್ಚಳ ತೆಗೆದು ತೋರಿಸಬೇಕು ಎನಿಸಿತ್ತು. ಬಸ್ಸಿನವರ ಪುಣ್ಯ, ತೋರಿಸಲಿಲ್ಲ.

ಕಲಾದಗಿ ಕಡೆ ಹೊಳೆದಂಡೆಯಲ್ಲಿ ಮೇಯುವ ಕುದುರೆಗಳ ಹೊಟ್ಟೆನೋವಿಗೆ ಕಾರಣ ಸಿಕ್ಕಿತ್ತು: ಹುಲ್ಲಿನ ಜೊತೆ ಒಳಗೆ ಹೋಗುವ ಉಸುಕು. ಅದರ ಪರೀಕ್ಷೆ ಸರಳ. ತೋಳುದ್ದದ ಪ್ಲಾಸ್ಟಿಕ್ ಕೈಗವಸಿನಲ್ಲಿ ಲದ್ದಿ ಮತ್ತು ನೀರು ಹಾಕಿ, ಕಲಸಿ, ಗೂಟಕ್ಕೆ ನೇತುಹಾಕಬೇಕು. ಉಸುಕಿದ್ದರೆ ಕೆಳಗಿಳಿದು ಬೆರಳುಗಳಲ್ಲಿ ಕೂರುತ್ತದೆ. ಆದರೆ ಕೆಲವು ಕುದುರೆಗಳಲ್ಲಿ ಉಸುಕೂ ಇಲ್ಲ, ಹುಳುವೂ ಇಲ್ಲ, ಹಲ್ಲು ನೆಟ್ಟಗಿವೆ, ಆದರೂ ಹೊಟ್ಟೆನೋವು ಮರುಕಳಿಸುತ್ತಿತ್ತು. ಅವುಗಳನ್ನೆಲ್ಲ "ಕಾರಣ ತಿಳಿಯದು" ಎಂಬ ಗುಂಪಿಗೆ ಹಾಕಿದ್ದೆ. ನನಗೆ ಮಾರ್ಗದರ್ಶನ ಮಾಡುತ್ತಿದ್ದ ಪ್ರಾಧ್ಯಾಪಕರಿಗೆ ಆ ಗುಂಪನ್ನು ಕಂಡರೆ ಆಗುತ್ತಿರಲಿಲ್ಲ. "ಕಾರಣ ತಿಳಿಯದು ಅಂದರೆ ನೀನು ಹುಡುಕಿಲ್ಲ ಅಂತ ಅರ್ಥ" ಎನ್ನುತ್ತಿದ್ದರು. ಮೈ ಉರಿದು, ಡಬ್ಬಿ ಹಿಡಿದು ಮತ್ತೆ ಕುದುರೆಗಳ ಹಿಂದೆ ಹೊರಡುತ್ತಿದ್ದೆ.

ಇಳಕಲ್ಲಿನ ಬಿಜಲಿ ಆ ಗುಂಪಿನವಳು. ಹಾಲುಬಿಳುಪಿನ ಹೆಣ್ಣು ಕುದುರೆ. ಊರಿನ ಅರ್ಧ ಮದುಮಕ್ಕಳು ಅವಳ ಬೆನ್ನೇರಿದವರೇ. ಅವಳಿದ್ದದ್ದು ನೇಕಾರರ ಓಣಿಯಲ್ಲಿ. ನಾನು ಹುಟ್ಟಿ ಬೆಳೆದದ್ದೂ ಇಳಕಲ್ಲಿನಲ್ಲೇ, ಮಗ್ಗದ ಸದ್ದಿನ ಮನೆಯಲ್ಲಿ. ಅವಳ ಯಜಮಾನರನ್ನು ಓಣಿಯೆಲ್ಲ ಚಾಚಾ ಎನ್ನುತ್ತಿತ್ತು, ನಾನೂ ಹಾಗೆಯೇ ಕರೆಯುತ್ತಿದ್ದೆ. ಬಿಜಲಿ ಹುಟ್ಟಿದಾಗಲೇ ತಾಯಿ ಸತ್ತಿದ್ದರಿಂದ ಅವರು ಬಾಟಲಿಯಲ್ಲಿ ಹಾಲು ಕುಡಿಸಿ ಅವಳನ್ನು ಉಳಿಸಿದ್ದರು. ಅವರ ಬಾಯಲ್ಲಿ ಅವಳು ಎಂದೂ "ಅದು" ಆಗಲಿಲ್ಲ.

ಮೊದಲ ಸಲ ಹೊಟ್ಟೆನೋವು ಬಂದಾಗ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ, ಪ್ಯಾರಫಿನ್ ಎಣ್ಣೆ ಮತ್ತು ಬೆಚ್ಚನೆಯ ನೀರು ಹಾಕಿ, ನೋವಿಗೆ ಚುಚ್ಚುಮದ್ದು ಕೊಟ್ಟೆ. ಲದ್ದಿ ಬಿತ್ತು, ಗುಣವಾಯಿತು. ತಿಂಗಳು ತುಂಬುವುದರೊಳಗೆ ಮತ್ತೆ ಬಂತು, ಅದೇ ಚಿಕಿತ್ಸೆಗೆ ಮತ್ತೆ ಇಳಿಯಿತು. ಕೈಗವಸು ಎರಡು ಸಲವೂ ಸ್ವಚ್ಛ. ಮೂರನೆಯ ಸಲ ಚಾಚಾ ಫೋನು ಮಾಡಿದಾಗ ಅವರ ದನಿಯೇ ಬೇರೆಯಾಗಿತ್ತು.

"ಬಾಯಾರ, ನಿನ್ನಿಯಿಂದ ಲದ್ದಿ ಹಾಕಿಲ್ರಿ ಅಕಿ. ಬಿದ್ದು ಉಳ್ಳಾಡಾಕ ಹತ್ಯಾಳ. ಪಕ್ಕಡಿ ನೋಡಿಕೋತ ನಿಂದರತಾಳ. ನೀವ ಬರ್ರಿ, ಬ್ಯಾರೆ ಯಾರೂ ಬ್ಯಾಡ."

ಹೋಗಿ ನೋಡಿದರೆ ನಾಡಿ ಏರಿತ್ತು, ಒಸಡು ಬಣ್ಣ ಕಳೆದುಕೊಂಡಿತ್ತು. ಬಲ ಪಕ್ಕೆಗೆ ಸ್ಟೆತಸ್ಕೋಪ್ ಇಟ್ಟರೆ ಗುಡುಗುಡು ಅನ್ನಬೇಕಾದ ಕರುಳು ಸುಮ್ಮನಿತ್ತು. ಎಣ್ಣೆ ಹಾಕಿದೆ, ರಕ್ತನಾಳಕ್ಕೆ ಸಲೈನ್ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ನೋವಿನ ಮದ್ದಿನ ಪ್ರಭಾವ ಇಳಿಯುತ್ತಲೇ ಮತ್ತೆ ಕಾಲು ಕೆರೆಯತೊಡಗಿದಳು. ಇನ್ನು ಶಸ್ತ್ರಚಿಕಿತ್ಸೆಯೇ ದಾರಿ ಎಂದು ನನಗೆ ಗೊತ್ತಾಯಿತು. ಕುದುರೆಯನ್ನು ಮಲಗಿಸಿ ಅರಿವಳಿಕೆ ಕೊಟ್ಟು ಹೊಟ್ಟೆ ತೆರೆಯುವ ಆಸ್ಪತ್ರೆ ಜಿಲ್ಲೆಯಲ್ಲೆಲ್ಲೂ ಇಲ್ಲ. ಇದ್ದದ್ದು ಬಹಳ ದೂರದ ಊರಿನಲ್ಲಿ. ಟೆಂಪೋ ತರಿಸಿ, ಒಳಗೆ ಜೋಳದ ದಂಟಿನ ಕಣಿಕೆ ಹರವಿ, ಬಿಜಲಿಯನ್ನು ಹತ್ತಿಸಿ ಹೊರಟೆವು.

ಹುನಗುಂದದವರೆಗೆ ಮಾತ್ರ ಬಂದೆವು. ಊರು ಹತ್ತಿರವಾಗುತ್ತಿದ್ದಂತೆ ಅವಳು ಮುಂಗಾಲು ಮಡಚಿದಳು. ಹೋಗುತ್ತಿರುವ ಗಾಡಿಯಲ್ಲಿ ಕುದುರೆ ಬಿದ್ದು ಹೊರಳಿದರೆ ಕರುಳು ತಿರುಚಿಕೊಳ್ಳುತ್ತದೆ, ಆಮೇಲೆ ಯಾವ ಆಸ್ಪತ್ರೆಯೂ ಏನೂ ಮಾಡಲಾರದು. ಟೆಂಪೋವನ್ನು ನೇರವಾಗಿ ಅಲ್ಲಿನ ದನದ ದವಾಖಾನೆಗೆ ತಿರುಗಿಸಿದೆವು. ಎಳೆದು, ತಳ್ಳಿ, ಬೇಡಿಕೊಂಡು, ಬಯ್ದು, ಅವಳನ್ನು ಇಳಿಸಿ ಷೆಡ್ಡಿನ ಕಬ್ಬಿಣದ ಕಟಕಟೆಯೊಳಗೆ ನಿಲ್ಲಿಸಿದೆವು. ದನಗಳು ಅಲುಗಾಡದಂತೆ ಕಟ್ಟಿ ನಿಲ್ಲಿಸುವ ಚೌಕಟ್ಟು ಅದು.

ದವಾಖಾನೆಯ ವೈದ್ಯರು ನನಗಿಂತ ಚಿಕ್ಕವರು, ಗಟ್ಟಿ ಆಳು. ಬಿಜಲಿಯನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

"ಮೇಡಂ, ನಾ ಎಮ್ಮಿ ಡಾಕ್ಟರ್ರಿ. ಕುದುರಿ ಹಿಂದ ನಿಂತ್ರ ನನ್ನ ಕಾಲ ನಡಗತಾವು."

"ಹಿಂದ ನಾ ನಿಂದರ್ತೇನಿ. ನೀವು ಬಾಲಾ ಹಿಡೀರಿ ಸಾಕು" ಎಂದೆ.

ಕೈಗವಸು ತೊಟ್ಟು, ಎಣ್ಣೆ ಸವರಿ, ಗುದದ್ವಾರದಿಂದ ತೋಳು ಒಳಗೆ ಹಾಕಿದೆ. ಇಂಥ ತಪಾಸಣೆಯಲ್ಲಿ ಕಣ್ಣು ಮುಚ್ಚಿಕೊಳ್ಳುವುದು ನನ್ನ ಅಭ್ಯಾಸ, ಬೆರಳೇ ನೋಡಬೇಕು. ದೊಡ್ಡ ಕರುಳಿನ ಕೊನೆಯಲ್ಲಿ, ಲದ್ದಿ ಉಂಡೆ ಕಟ್ಟುವ ಕಿರಿದಾದ ಭಾಗದಲ್ಲಿ, ಬಿಗಿಯಾದ ಉದ್ದನೆಯ ಗಂಟು ಬೆರಳ ತುದಿಗೆ ತಾಗಿತು. ಅದರ ಆಚೆ ಎಲ್ಲವೂ ಗಾಳಿ ತುಂಬಿ ಉಬ್ಬಿತ್ತು. ಹಿಂದಿನ ಎರಡು ಸಲ ಬೆರಳಿಗೆ ಏನೂ ತಾಗಿರಲಿಲ್ಲ, ಈ ಸಲ ಕೊನೆಗೂ ನೋವಿನ ಜಾಗ ಸಿಕ್ಕಿತು. ತೋಳು ಹೊರಗೆ ತೆಗೆದು ಗವಸು ತಿರುವಿದಾಗ ಲೋಳೆಯೊಳಗೆ ಬೆರಳುದ್ದದ ಒಂದು ಎಳೆ ಅಂಟಿತ್ತು. ನೀರಲ್ಲಿ ತೊಳೆದೆ. ಕೆಂಪು ಬಣ್ಣ ಮೂಡಿತು.

ಬೇರೆ ಊರಿನವರಾಗಿದ್ದರೆ ಹಗ್ಗದ ಎಳೆ ಎಂದು ಒಗೆಯುತ್ತಿದ್ದರೋ ಏನೋ. ನಾನು ಅದನ್ನು ಎರಡು ಬೆರಳ ನಡುವೆ ಹೊಸೆದೆ. ಚಮಕ ನೂಲು. ರೇಷ್ಮೆಯಂತೆ ಹೊಳೆಯುವ, ಜಾರುವ, ಸುಲಭಕ್ಕೆ ಹರಿಯದ ನೂಲು. ಸೀರೆಯ ಸೆರಗಿಗೆ ನಮ್ಮ ಮನೆಯಲ್ಲೂ ಹಾಕುತ್ತಿದ್ದರು. ಅಂಚಿನಲ್ಲಿ ಇನ್ನೂ ಗಂಜಿಯ ಬಿರುಸು ಉಳಿದಿತ್ತು.

"ಚಾಚಾ, ಬಿಜಲಿ ಕಟ್ಟೋ ಜಾಗಾದಾಗ ಏನ ಹಾಸೀರಿ?"

ಇಷ್ಟು ಹೊತ್ತು ಮುಖ ಬಾಡಿಸಿಕೊಂಡಿದ್ದ ಚಾಚಾ ತುಸು ಹೆಮ್ಮೆಯಿಂದಲೇ ಹೇಳಿದರು. "ನಮ್ಮಲ್ಲಿ ನೆಲಾ ಎಲ್ಲಾ ಕೆಂಪು ಕಲ್ಲಿನ ಪರ್ಶಿ ಅಲ್ರಿ. ನಿಂತು ನಿಂತು ಅಕಿ ಮೊಣಕಾಲ ನೋಯ್ತಾವಂತ, ಎದುರುಮನಿ ಅಕ್ಕ ಮಗ್ಗದ್ದು ತುಂಡ ನೂಲು ಚೀಲಗಟ್ಲೆ ತಂದು ಹಾಸತಾಳ್ರಿ. ಗಾದಿ ಆದಂಗ ಆಗೈತಿ. ನನಗೂ ಅಂಥಾ ಹಾಸಿಗಿ ಇಲ್ಲ."

ಕುಣಿಯುವಷ್ಟು ಖುಷಿಯಾಯಿತು. ಆ ಖುಷಿಗೆ ನನಗೇ ನಾಚಿಕೆಯಾಯಿತು. ನೇಯುವ ಮೊದಲು ಹಾಸಿನ, ಅಂದರೆ ಸೀರೆಯ ಉದ್ದಕ್ಕೆ ಹೋಗುವ ಎಳೆಗಳ, ನೂಲಿಗೆ ಜೋಳದ ಗಂಜಿ ಹಚ್ಚುತ್ತಾರೆ. ಉಳಿದ ತುಂಡುಗಳಿಗೆ ಅದರ ವಾಸನೆ ಇರುತ್ತದೆ. ಕುದುರೆಯ ಮೂಗಿಗೆ ಅದು ಹಾಸಿಗೆಯಲ್ಲ, ಊಟ. ದಿನವೂ ಒಂದಿಷ್ಟು ಮೆದ್ದಿದ್ದಾಳೆ. ಉದ್ದನೆಯ ಎಳೆಗಳು ಕರುಳಿನಲ್ಲಿ ಹೆಣೆದುಕೊಂಡು ಕಿರಿದಾದ ಜಾಗಕ್ಕೆ ಬಂದು ಕಚ್ಚಿಕೊಂಡಿವೆ. ನಾನು ಹಾಕಿದ ಎಣ್ಣೆ ಎರಡು ಸಲ ಪಕ್ಕದಿಂದ ನುಸುಳಿ ಹೋಗಿತ್ತು, ಗಂಟು ಮಾತ್ರ ಅಲ್ಲೇ ಕೂತು ಬೆಳೆದಿತ್ತು. ನನ್ನ "ಕಾರಣ ತಿಳಿಯದು" ಗುಂಪಿನ ಕುದುರೆಗಳನ್ನು ಒಂದೊಂದಾಗಿ ನೆನೆದೆ: ಇಳಕಲ್, ಗುಳೇದಗುಡ್ಡ, ಕಮತಗಿ. ಎಲ್ಲ ಮಗ್ಗದ ಊರುಗಳೇ.

ಪ್ರಾಧ್ಯಾಪಕರಿಗೆ ಫೋನು ಹಚ್ಚಿದೆ. ನೂಲಿನ ಸಂಗತಿಯನ್ನು ಪೂರ್ತಿ ಕೇಳಿಸಿಕೊಂಡರು. ನಿಂತಲ್ಲೇ ಎಡ ಪಕ್ಕೆ ಕೊಯ್ದು ಕೈ ಹಾಕುತ್ತೇನೆ ಎಂದಾಗ ಮಾತ್ರ ಗದರಿದರು.

"ಷೆಡ್ಡಿನಲ್ಲಿ ಕರುಳು ಕೊಯ್ದರೆ ಹೊಲಸೆಲ್ಲ ಹೊಟ್ಟೆಯೊಳಗೆ ಬೀಳುತ್ತದೆ. ಎಮ್ಮೆ ತಡೆದುಕೊಳ್ಳುತ್ತದೆ, ಕುದುರೆ ತಡೆಯುವುದಿಲ್ಲ. ನಿನ್ನ ಕೈಯಲ್ಲೇ ಸಾಯುತ್ತದೆ."

"ಕರುಳು ಕೊಯ್ಯೋದಿಲ್ಲ ಸರ್. ಪಕ್ಕೆ ಮಾತ್ರ ಕೊಯ್ತೇನೆ. ಗಂಟನ್ನು ಒಳಗಿಂದ ಸಡಿಲ ಮಾಡಿ ಹಿಂದಕ್ಕೆ ನೂಕುತ್ತೇನೆ."

"ನೂಲಿನ ಗಂಟು ಸಡಿಲ ಆಗುತ್ತದೆ ಅಂತ ಯಾರು ಹೇಳಿದರು?"

"ನಮ್ಮ ಮನೆಯಲ್ಲಿ ಅದೇ ಕೆಲಸ ಸರ್" ಎಂದೆ. ಮಾತಿಗೆ ಹೇಳಿದ್ದಲ್ಲ, ಅದು ನಿಜ. ಗಂಜಿ ಹಚ್ಚಿದ ನೂಲು ಗೋಜಲಾದಾಗ ಎಳೆದರೆ ಇನ್ನಷ್ಟು ಬಿಗಿಯುತ್ತದೆ. ಅವ್ವ ಅದನ್ನು ಬೆಚ್ಚನೆಯ ನೀರಿಗೆ ಹಾಕಿ, ಗಂಜಿ ಕರಗಲು ಬಿಟ್ಟು, ಆಮೇಲೆ ಅಂಗೈಯಲ್ಲಿ ಮೆತ್ತಗೆ ಹೊರಳಿಸುತ್ತಿದ್ದಳು. ಬಿಜಲಿಯ ಹೊಟ್ಟೆಯ ಗಂಟೂ ಅಷ್ಟೇ, ಗಂಜಿಯೇ ಅದರ ಅಂಟು. ಪ್ರಾಧ್ಯಾಪಕರು, "ನಿರ್ಧಾರ ನಿನ್ನದು" ಎಂದು ಫೋನಿಟ್ಟರು. ಅವರು ಒಪ್ಪಿದ್ದಾರೋ ಕೈ ತೊಳೆದುಕೊಂಡಿದ್ದಾರೋ ತಿಳಿಯಲಿಲ್ಲ.

ಚಾಚಾನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಸುಮ್ಮನೆ ಬಿಟ್ಟರೆ ಖಂಡಿತ ಉಳಿಯುವುದಿಲ್ಲ, ಕೊಯ್ದರೆ ಉಳಿಯಬಹುದು, ಮಾತು ಕೊಡಲಾರೆ ಎಂದೆ.

"ಅಕೀಗೆ ನೋವಾಗತೈತೇನ್ರಿ?"

"ಚರ್ಮಕ್ಕ ಮದ್ದು ಹಾಕ್ತೇನಿ, ಕೊಯ್ಯೋದು ತಿಳಿಯೂದಿಲ್ಲ. ಒಳಗ ಕೈ ಹಾಕಿದಾಗ ಸ್ವಲ್ಪ ತಿಳೀತೈತಿ."

"ಹಂಗಾರ ನಾ ಮುಂದ ನಿಂದರ್ತೇನಿ. ನನ್ನ ಮಾರಿ ನೋಡಿಕೋತ ಇರಲಿ" ಎಂದು ಹೋಗಿ ಅವಳ ತಲೆಯನ್ನು ಹೆಗಲ ಮೇಲೆ ಇಟ್ಟುಕೊಂಡರು.

ಹುನಗುಂದದ ವೈದ್ಯರು ಇನ್ನೂ ಬಾಲ ಹಿಡಿದೇ ನಿಂತಿದ್ದರು. "ಎಮ್ಮಿ ಕರಾ ಅಡ್ಡ ಸಿಕ್ಕಾಗ ಹೆಂಗ ತೆಗೀತೀರಿ?" ಎಂದು ಕೇಳಿದೆ.

"ನಿಂತಲ್ಲೇ ಎಡ ಪಕ್ಕಡಿ ಕೊಯ್ದು ತೆಗಿತೇನ್ರಿ. ಎಷ್ಟ್ ಮಾಡೇನೋ ಲೆಕ್ಕಿಲ್ಲ."

"ಇದೂ ಅದರ ತಂಗಿ ಅಂತ ತಿಳೀರಿ. ಕರದ ಬದಲಿ ನೂಲು."

ಅವರ ಮುಖದಲ್ಲಿ ಮೊದಲ ಸಲ ಧೈರ್ಯ ಕಂಡಿತು. ಮುಂದೆ ಅವರನ್ನು ಹಿಡಿಯುವವರೇ ಇರಲಿಲ್ಲ. ನೆಲ ತೊಳೆಸಿದರು, ಬಾಗಿಲಿಗೆ ಒದ್ದೆ ಬಟ್ಟೆ ಕಟ್ಟಿಸಿ ಧೂಳು ತಡೆದರು, ಉಪಕರಣ ಕುದಿಸಿದರು, ಬಕೆಟ್ಟುಗಟ್ಟಲೆ ನೀರು ಬೆಚ್ಚಗೆ ಮಾಡಿಸಿದರು.

ರಕ್ತನಾಳಕ್ಕೆ ಮಂಪರಿನ ಮದ್ದು ಕೊಟ್ಟಾಗ ಬಿಜಲಿಯ ತಲೆ ತಗ್ಗಿತು, ಕೆಳತುಟಿ ಜೋತಿತು. ಎಡ ಪಕ್ಕೆಯ ಕೂದಲು ಬೋಳಿಸಿ, ಅಯೋಡಿನ್ನಿಂದ ಮತ್ತೆ ಮತ್ತೆ ತೊಳೆದು, ಸುತ್ತ ಮರಗಟ್ಟಿಸುವ ಮದ್ದು ಚುಚ್ಚಿದೆ. ಚರ್ಮ ಕೊಯ್ದೆ. ಅದರ ಕೆಳಗಿನ ಸ್ನಾಯುವಿನ ಪದರಗಳನ್ನು ಕೊಯ್ಯದೆ, ಅವುಗಳ ಎಳೆ ಹೋಗುವ ದಿಕ್ಕಿಗೆ ಬೆರಳಿನಿಂದ ಅಗಲಿಸಿದೆ; ಹಾಗೆ ಮಾಡಿದರೆ ಆಮೇಲೆ ಬೇಗ ಕೂಡಿಕೊಳ್ಳುತ್ತವೆ. ಒಳಪೊರೆ ಚುಚ್ಚಿದಾಗ ಬಿಜಲಿ ಒಮ್ಮೆ ಬೆಚ್ಚಿ ಕಟಕಟೆಯನ್ನೇ ಅಲ್ಲಾಡಿಸಿದಳು. ಮುಂದಿನಿಂದ ಚಾಚಾನ ದನಿ ಕೇಳುತ್ತಲೇ ಇತ್ತು. "ನಾ ಇಲ್ಲೇ ಅದೀನಲ್ಲ ಬೇಟಾ. ಎಲ್ಲಿ ಹೊಂಟಿ? ನಿಂದರು."

ಕೈ ಒಳಗೆ ಹಾಕಿ ಗಂಟಿದ್ದ ಕರುಳನ್ನು ಹುಡುಕಿದೆ. ಸಿಕ್ಕಿತು. ಅದರ ಒಂದು ಭಾಗವನ್ನು ಗಾಯದ ಬಾಯಿಗೆ ತಂದು ಒದ್ದೆ ಬಟ್ಟೆಯ ಮೇಲೆ ಇಟ್ಟುಕೊಂಡೆ. ಬಣ್ಣ ಗುಲಾಬಿಯಾಗಿಯೇ ಇತ್ತು. ಕಪ್ಪಾಗಿದ್ದರೆ ಕರುಳು ಸತ್ತಿದೆ ಎಂದರ್ಥ, ಅಲ್ಲಿಗೆ ಆಟ ಮುಗಿದಂತೆ. ಮುಗಿದಿರಲಿಲ್ಲ. ಸಣ್ಣ ಸೂಜಿಯಿಂದ ಬೆಚ್ಚನೆಯ ಸಲೈನನ್ನು ಗಂಟಿನೊಳಕ್ಕೇ ಇಳಿಸಿದೆ. ಕುದುರೆಯ ಹಿಂಬದಿಯಲ್ಲಿ ಹುನಗುಂದದ ವೈದ್ಯರು ಮೆತ್ತನೆಯ ನಳಿಕೆಯಿಂದ ಬೆಚ್ಚನೆಯ ನೀರು ಏರಿಸುತ್ತಿದ್ದರು, ನಡುಗುತ್ತವೆ ಎಂದಿದ್ದ ಅವೇ ಕಾಲುಗಳ ಮೇಲೆ ಗಟ್ಟಿಯಾಗಿ ನಿಂತು. ಆಮೇಲೆ ಇಬ್ಬರೂ ಕಾದೆವು. ಕಾಯುವುದು ಕಷ್ಟ. ತೆರೆದ ಹೊಟ್ಟೆಯ ಮುಂದೆ ಸುಮ್ಮನೆ ನಿಲ್ಲಲು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ.

ಅಂಗೈಯಲ್ಲಿ ಗಂಟನ್ನು ಹಿಡಿದು ಹೊರಳಿಸಿದೆ. ಕಲ್ಲು. ಮತ್ತೆ ಸಲೈನು, ಮತ್ತೆ ಕಾಯುವುದು. ಮತ್ತೆ ಹೊರಳಿಸಿದಾಗ ಅದರ ತುದಿ ತುಸು ಮೆತ್ತಗಾಗಿ ಬೆರಳ ನಡುವೆ ಜಾರಿತು. ಜಾರಿದ್ದನ್ನು ಹಿಂದಕ್ಕೆ ಸವರಿದೆ. ಇಂಚು ಇಂಚಾಗಿ ಅದು ಹೊರಟಿತು. ಸೊಂಟದ ಎಲುಬಿನ ಬಾಗಿಲಿಗೆ ಬಂದು ನಿಂತುಬಿಟ್ಟಿತು. ಅದೇ ಹೊತ್ತಿಗೆ ಬಿಜಲಿಯ ಹಿಂಗಾಲು ಕುಸಿಯತೊಡಗಿದವು.

"ಮೇಡಂ, ಬೀಳ್ತಾಳ್ರಿ! ಮುಚ್ಚಿಬಿಡ್ರಿ ಹೊಟ್ಟಿ!"

ಮುಚ್ಚಿದರೆ ಗಂಟು ಒಳಗೇ ಉಳಿಯುತ್ತದೆ. ಬಿದ್ದರೆ ತೆರೆದ ಗಾಯ ನೆಲಕ್ಕೆ ಬೀಳುತ್ತದೆ. "ಹೊಟ್ಟಿ ಕೆಳಗ ಹಗ್ಗಾ ಹಾಕಿ ಎತ್ತಿ ಹಿಡೀರಿ! ಚಾಚಾ, ಜೋರಾಗಿ ಕರೀರಿ ಅಕೀನ!" ಎಂದು ಕೂಗಿದೆ. ಟೆಂಪೋ ಚಾಲಕ, ದವಾಖಾನೆಯ ಆಳು, ಎಮ್ಮೆಗೆ ಔಷಧಿ ಒಯ್ಯಲು ಬಂದಿದ್ದ ಇಬ್ಬರು ರೈತರು ಸೇರಿ ಹಗ್ಗಕ್ಕೆ ಹೆಗಲು ಕೊಟ್ಟರು. ಚಾಚಾ ಈಗ ಮುದ್ದು ಮಾಡುವುದನ್ನು ಬಿಟ್ಟು ಗದರಿದರು. "ಏಯ್ ಬಿಜಲಿ! ಬಾಜಾ ಬಾರಸಾಕ ಹತ್ಯಾರ, ಮದಿಮಗ ಕುಂತಾನ ಬೆನ್ನ ಮ್ಯಾಲ! ನೆಟ್ಟಗ ನಿಂದರು!"

ಅವಳ ಕಿವಿ ನಿಮಿರಿತು. ಕಾಲು ಊರಿ ಎದ್ದು ನಿಂತಳು. ಆ ಏಳುವ ಬಿರುಸಿನಲ್ಲೇ ನನ್ನ ಅಂಗೈಯಿಂದ ಗಂಟು ಪುಳಕ್ಕನೆ ಜಾರಿ ಹೋಯಿತು.

"ಬಂತ್ರಿ! ನನ್ನ ಕೈಗೆ ಬಂತ್ರಿ ಮೇಡಂ!" ಹಿಂದಿನಿಂದ ಹುನಗುಂದದ ವೈದ್ಯರು ಕೂಗಿದರು. ಅವರು ನಿಧಾನವಾಗಿ, ಒಂದಿಷ್ಟೂ ಅವಸರ ಮಾಡದೆ ಅದನ್ನು ಹೊರಗೆ ತಂದರು. ನನ್ನ ತೋಳಿನಷ್ಟು ಉದ್ದದ ನೂಲಿನ ಹಗ್ಗ. ಬಕೆಟ್ಟಿನಲ್ಲಿ ಅಲುಗಿಸಿದಾಗ ಕೆಂಪು, ದಾಳಿಂಬೆ, ಹಸಿರು, ಹಳದಿ, ಎಲ್ಲ ಬಣ್ಣ ಬಿಟ್ಟುಕೊಂಡವು. ಅದರ ಹಿಂದೆಯೇ ಗಾಳಿ ಬಂತು, ಷೆಡ್ಡೆಲ್ಲ ತುಂಬುವಂಥ ನಾತದ ಗಾಳಿ. ಅಷ್ಟು ಜನ ಮೂಗು ಮುಚ್ಚಿಕೊಳ್ಳದೆ ನಕ್ಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಪದರ ಪದರವಾಗಿ ಹೊಟ್ಟೆ ಹೊಲಿಯುವಾಗ ನನ್ನ ಕಣ್ಣು ತುಂಬಿ ಸೂಜಿಯ ತುದಿ ಕಾಣದಾಗುತ್ತಿತ್ತು. ತೋಳಿನಿಂದ ಒರೆಸಿಕೊಳ್ಳುವ ಹಾಗಿರಲಿಲ್ಲ, ತೋಳು ಇದ್ದ ಸ್ಥಿತಿ ಅಂಥದ್ದು.

ಗೆದ್ದೆವು ಎಂದು ಅಂದೇ ಹೇಳುವ ಹಾಗಿರಲಿಲ್ಲ. ಮುಟ್ಟಿದ ಕರುಳು ಮುನಿಸಿಕೊಂಡು ಕೆಲಸ ನಿಲ್ಲಿಸುತ್ತದೆ, ಗಾಯ ಕೀವಾಗುತ್ತದೆ, ಜ್ವರ ಬರುತ್ತದೆ. ಒಂದು ಸಂಜೆ ಜ್ವರ ಬಂದೇ ಬಂತು. ಮದ್ದು ಬದಲಾಯಿಸಿದ ಮೇಲೆ ಇಳಿಯಿತು. ಎದುರುಮನೆಯ ಅಕ್ಕ ಇಳಕಲ್ಲಿನಿಂದ ಬಸ್ಸು ಹಿಡಿದು ಬಂದಳು. ಯಾರೋ ಅವಳಿಗೆ ಎಲ್ಲ ಹೇಳಿದ್ದರು. ಕಟಕಟೆಯ ಕಂಬ ಹಿಡಿದು ಬಿಜಲಿಯ ಹೊಲಿಗೆ ನೋಡಿದಳು.

"ನನ್ನ ಕೈಯಾರ ನಾನ ಅಕೀಗೆ ವಿಷಾ ಹಾಕಿದ್ನೇನವ್ವಾ?"

"ನೀ ಹಾಕಿದ್ದು ಹಾಸಿಗಿ ಅಕ್ಕಾ. ಅಕಿ ಅದನ್ನ ಊಟಾ ಅನಕೊಂಡ್ಲು. ತಪ್ಪ ಇದ್ರ ಅಕೀ ಬಾಯಿದು."

ಅವಳು ನಗಲಿಲ್ಲ. ಬಿಜಲಿ ತಾನಾಗಿಯೇ ಲದ್ದಿ ಹಾಕಿದ ಬೆಳಿಗ್ಗೆ ಮಾತ್ರ ನಕ್ಕಳು. ಉಂಡೆಯುಂಡೆಯಾದ, ಹೊಳೆಯುವ, ನೂಲಿನ ಎಳೆಯೊಂದೂ ಇಲ್ಲದ ಲದ್ದಿ. ಚಾಚಾ ಅದಕ್ಕೆ ಕೈ ಮುಗಿಯುವುದೊಂದು ಬಾಕಿ.

ಪ್ರಾಧ್ಯಾಪಕರಿಗೆ ನೂಲಿನ ಹಗ್ಗದ ಚಿತ್ರ ಕಳಿಸಿದೆ. ಮರುಗಳಿಗೆಗೇ ಫೋನು ಬಂತು. "ಕಾಲೇಜಿಗೆ ಬಾ. ಹುಡುಗರ ಮುಂದೆ ಹೇಳಬೇಕು. ನಾನೂ ಕೂತು ಕೇಳುತ್ತೇನೆ" ಎಂದರು. ಅದಕ್ಕೆ ಮೊದಲು ನಾನು ಮಗ್ಗದ ಊರುಗಳನ್ನೆಲ್ಲ ಸುತ್ತಿ ಕುದುರೆಯ ಕೊಟ್ಟಿಗೆ ಹೊಕ್ಕು ನೆಲ ನೋಡಿದೆ. ಹುಡುಕಿದ್ದು ಸಿಕ್ಕಿತು. ಹಾಸಿದ್ದ ನೂಲು ತೆಗೆಸಿ ಕಣಿಕೆ ಹಾಸಿಸಿದೆ. "ಕಾರಣ ತಿಳಿಯದು" ಗುಂಪು ಕರಗುತ್ತ ಬಂದು, ಅದಕ್ಕೆ "ನೂಲಿನ ಗಂಟು" ಎಂಬ ಹೊಸ ಹೆಸರು ಬಂತು. ಜಂಬವಾಯಿತೇ ಎಂದು ಕೇಳಿದರೆ, ಹೌದು, ಆಯಿತು.

ಹೊಲಿಗೆ ಬಿಚ್ಚಿದ ಮೇಲೆ ಬಿಜಲಿಯನ್ನು ಊರಿಗೆ ಕರೆತಂದು ಓಣಿಯ ಬಾಯಲ್ಲಿ ಟೆಂಪೋದಿಂದ ಇಳಿಸಿದೆವು. ನೋಡಿದರೆ ಓಣಿ ಬಂದ್. ಈ ತುದಿಯಿಂದ ಆ ತುದಿಗೆ ಹೊಸ ಹಾಸು ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಹಾಸು ಹೀಗೆ ಒದ್ದೆಯಿದ್ದಾಗ ಯಾರಿಗೂ ದಾರಿ ಇಲ್ಲ. ಎಳೆಗೆ ಎಳೆ ಅಂಟಿದರೆ ಇಡೀ ಹಾಸು ಹಾಳು, ಹಾಗಾಗಿ ಮದುವೆಯ ದಿಬ್ಬಣವಾದರೂ ಸುತ್ತಿಕೊಂಡೇ ಹೋಗಬೇಕು. ನಾನು ಚಾಚಾನಿಗೆ ಹಿಂದಿನ ಓಣಿಯಿಂದ ಹೋಗೋಣ ಎಂದೆ.

ಎದುರುಮನೆಯ ಅಕ್ಕ ನಮ್ಮನ್ನು ನೋಡಿ ಕೈಯಲ್ಲಿದ್ದ ಕುಂಚ ಕೆಳಗಿಟ್ಟಳು. "ಸುತ್ತ ಯಾಕ? ಏಯ್, ಎಲ್ಲಾರೂ ಹಾಸು ಎತ್ರಿ! ನಮ್ಮ ಬಿಜಲಿ ಬಂದಾಳ!"

ಎರಡೂ ಕಡೆ ನೇಕಾರರು ಸಾಲಾಗಿ ನಿಂತು, ಹಾಸಿನ ಕೆಳಗೆ ಬಿದಿರುಗಳನ್ನು ಕೊಟ್ಟು, ತಲೆಯ ಮೇಲಕ್ಕೆ ಎತ್ತಿ ಹಿಡಿದರು. ಅದರ ಕೆಳಗೆ ಬಿಜಲಿ ನಡೆದಳು, ಬೋಳಿಸಿದ ಪಕ್ಕೆಯನ್ನು ಎಲ್ಲರಿಗೂ ತೋರಿಸುತ್ತ. ನಡುವೆ ಬಂದವಳು ಗಕ್ಕನೆ ನಿಂತಳು. ಮೂಗು ಅರಳಿತು. ಕತ್ತು ಮೇಲಕ್ಕೆ ಚಾಚಿ, ತುಟಿ ಮುಂದೆ ಮಾಡಿ, ಗಂಜಿ ತೊಟ್ಟಿಕ್ಕುತ್ತಿದ್ದ ಕೆಂಪು ನೂಲಿನ ಕಡೆ ಹೋದಳು.

"ಹಿಡೀರಿ, ಹಿಡೀರಿ!" ಎಂದು ಓಣಿಯೆಲ್ಲ ಕೂಗಿತು. ಚಾಚಾ ಹಗ್ಗ ಜಗ್ಗಿದರು. "ಇನ್ನೂ ಹೊಟ್ಟಿ ತುಂಬಿಲ್ಲೇನ ನಿಂದು? ನಡೀ ಮುಂದ!"

ಎಲ್ಲರೂ ಒಮ್ಮೆಲೇ ನಕ್ಕರು. ನಗುವಿಗೆ ಬಿದಿರುಗಳೇ ತೂಗಾಡಿದವು, ಹಾಸನ್ನು ಮಾತ್ರ ಯಾರೂ ಇಳಿಸಲಿಲ್ಲ. ಬಿಜಲಿ ದಾಟಿ ಮನೆ ಸೇರಿದಳು.